ಕಟಿಂಗ್ ಮಾಸ್ಟರ್ ಬಾಯಿಬಿಟ್ಟು ಕೇಳಿದ್ದು

ಬಟ್ಟೆ ಕತ್ತರಿಸುವವರಿಗೆ ಜಂಬ ಸ್ವಲ್ಪ ಜಾಸ್ತಿಯೇ. ಇರಲಿ ಬಿಡಿ, ಸುಮ್ಮನೆ ಬಂದ ಜಂಬವಲ್ಲ ಅದು. ತಪ್ಪು ಹೊಲಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ತಪ್ಪು ಕತ್ತರಿಸಿದರೆ ಆ ಬಟ್ಟೆಯ ಕಥೆ ಮುಗಿಯಿತು. ಅದಕ್ಕೇ ಆ ಹೊಲಿಗೆ ಕಾರ್ಖಾನೆಯಲ್ಲಿ ಹದಿನೆಂಟು ಜನ ಇದ್ದರೂ 'ಮಾಸ್ಟರ್' ಅಂತ ಕರೆಸಿಕೊಳ್ಳುವವರು ಒಬ್ಬರೇ ಇದ್ದರು. ಮೂವತ್ತೊಂದು ವರ್ಷದಿಂದ ಕಿಟಕಿ ಪಕ್ಕದ ಉದ್ದನೆಯ ಟೇಬಲ್ಲು ಅವರದು. ಅದರ ಮೇಲೆ ಯಾರಾದರೂ ಟೀ ಲೋಟ ಇಟ್ಟರೆ ಮಾಸ್ಟರ್ ಬೈಯುತ್ತಿರಲಿಲ್ಲ. ಲೋಟವನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಹೋಗಿ ಇಟ್ಟವರ ಕೈಗೇ ಕೊಟ್ಟು ಬರುತ್ತಿದ್ದರು. ಇದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅಂತ ಎಲ್ಲರಿಗೂ ಅನ್ನಿಸುತ್ತಿತ್ತು.

ಮೊದಲು ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಬಟ್ಟೆ ಹಿಡಿಯಲು ಒಬ್ಬ ಹಿರಿಯರಿದ್ದರು. ವಯಸ್ಸಾಯಿತೆಂದು ಅವರು ಕೆಲಸ ಬಿಟ್ಟಾಗ, ಕಾರ್ಖಾನೆ ನಡೆಸುವ ಯಜಮಾನಿ ಇನ್ನೊಬ್ಬರನ್ನು ಹುಡುಕೋಣವೇ ಎಂದು ವಿಚಾರಿಸಿದ್ದರು. ಮಾಸ್ಟರ್ ಬೇಡವೇ ಬೇಡ ಎಂದರು. ದೇವರು ಎರಡು ಕೈ ಕೊಟ್ಟಿದ್ದಾನೆ, ಅಷ್ಟು ಸಾಕು ಎಂದರು. ಯಜಮಾನಿ ಯಾಕೆ ಬೇಡ ಅಂತಾರೆ? ಒಬ್ಬರ ಸಂಬಳ ಉಳಿಯಿತು ಎಂದುಕೊಂಡು ಸುಮ್ಮನಾದರು. ಅಂದಿನಿಂದ ಎರಡು ವರ್ಷ ಮಾಸ್ಟರ್ ಬಟ್ಟೆಯ ರೋಲನ್ನು ಹೆಗಲ ಮೇಲೆ ಹೊತ್ತು ಆ ತುದಿಯಿಂದ ಈ ತುದಿಗೆ ಒಬ್ಬರೇ ಓಡಾಡಿದರು.

ದೇವರ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಾಸ್ಟರ್ ಭಕ್ತಿಯ ಮನುಷ್ಯ, ತೋರಿಕೆಯವರಲ್ಲ. ಬುಧವಾರ ಸಂಜೆ ಅವರ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಹದಿನೈದು ಕುರ್ಚಿ ದುಂಡಗೆ ಹಾಕಿ, ಯಾರಿಗೆ ಏನು ಕಷ್ಟ ಇದೆಯೋ ಒಬ್ಬೊಬ್ಬರಾಗಿ ಹೇಳುವುದು, ಉಳಿದವರು ಅದಕ್ಕಾಗಿ ಬೇಡಿಕೊಳ್ಳುವುದು. ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಮಗಳ ಪರೀಕ್ಷೆ, ಇನ್ನೊಬ್ಬರಿಗೆ ಆಫೀಸಿನ ಮೇಲಧಿಕಾರಿ. ಮಾಸ್ಟರ್ ಎಲ್ಲರ ಕಷ್ಟವನ್ನೂ ಮನಸ್ಸಿನಲ್ಲಿಟ್ಟುಕೊಂಡು ವಾರವೆಲ್ಲ ಬಟ್ಟೆ ಹಾಸುತ್ತಾ ಬೇಡಿಕೊಳ್ಳುತ್ತಿದ್ದರು. ಪರೀಕ್ಷೆ ಬರೆದ ಹುಡುಗಿ ಮರೆತರೂ ಇವರು ಮರೆಯದೆ ಫಲಿತಾಂಶ ಕೇಳುತ್ತಿದ್ದರು. ಆದರೆ ತಮ್ಮ ಸರದಿ ಬಂದಾಗ ಮಾತ್ರ ಇಪ್ಪತ್ತು ವರ್ಷದಿಂದ ಒಂದೇ ಉತ್ತರ: ನನ್ನದೇನಿಲ್ಲ, ಎಲ್ಲ ದೇವರ ದಯೆ, ಮುಂದಿನವರು ಹೇಳಿ. ಆಗೆಲ್ಲ ಪಕ್ಕದ ಕುರ್ಚಿಯಲ್ಲಿ ಕೂತ ಹೆಂಡತಿ ನೆಲ ನೋಡುತ್ತಿದ್ದರು.

ಆ ವರ್ಷ ಮಾಸ್ಟರ್‌ಗೆ ಬಲಗಡೆಯ ಹೆಗಲು ಹಿಡಿದುಕೊಂಡಿತು. ಮೊದಲು ಒಂದು ಚಳಕು, ಆಮೇಲೆ ಬಿಗಿತ, ಆಮೇಲೆ ತೋಳು ಎದೆಯ ಮಟ್ಟಕ್ಕಿಂತ ಮೇಲೆ ಏಳುವುದೇ ನಿಂತುಹೋಯಿತು. ನಾಲ್ಕು ತಿಂಗಳು ಅವರು ಈ ವಿಷಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರು. ಎಡಗೈಯಲ್ಲಿ ತಲೆ ಬಾಚಿದರು. ಅಂಗಿ ತೊಡುವಾಗ ಬಾಗಿಲು ಹಾಕಿಕೊಂಡರು. ಕಾರ್ಖಾನೆಯಲ್ಲಿ ಮೇಲಿನ ಕಪಾಟಿನಿಂದ ಏನಾದರೂ ಬೇಕಾದರೆ ಎಲ್ಲರೂ ಊಟಕ್ಕೆ ಹೋಗುವವರೆಗೆ ಕಾದು, ಸ್ಟೂಲು ಹತ್ತಿ ತೆಗೆದರು. ಕತ್ತರಿ ಹಿಡಿಯಲು ತೊಂದರೆ ಇರಲಿಲ್ಲ, ರೋಲು ಎತ್ತಲು ಮಾತ್ರ ಪ್ರಾಣ ಬಾಯಿಗೆ ಬರುತ್ತಿತ್ತು. ಕೈಲಾಗದ ಕಟಿಂಗ್ ಮಾಸ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ಈ ಭಯ ಅವರನ್ನು ನೋವಿಗಿಂತ ಹೆಚ್ಚಾಗಿ ತಿನ್ನುತ್ತಿತ್ತು. ದೇವರಲ್ಲಿ ದಿನಾ ಕೇಳುತ್ತಿದ್ದರು, ಇದೊಂದು ವಾಸಿ ಮಾಡಪ್ಪಾ ಎಂದು. ಮನುಷ್ಯರಲ್ಲಿ ಒಬ್ಬರಿಗೂ ಹೇಳಲಿಲ್ಲ.

ಹೀಗಿರುವಾಗ ದೊಡ್ಡ ಸಭಾಂಗಣವೊಂದರ ರಂಗದ ಪರದೆ ಹೊಲಿಯುವ ಕೆಲಸ ಬಂತು. ಕಡುಗೆಂಪು ಮಖಮಲ್ಲು. ಐದೈದು ಮೀಟರ್ ಉದ್ದದ ಹದಿನಾರು ಪಟ್ಟಿ ಕತ್ತರಿಸಿ, ಪಕ್ಕಪಕ್ಕ ಜೋಡಿಸಿ ಒಂದು ಪರದೆ ಮಾಡಬೇಕು. ಶನಿವಾರ ಸಭಾಂಗಣ ತೆರೆಯುತ್ತದೆ, ಶನಿವಾರ ಬೆಳಿಗ್ಗೆ ಪರದೆ ಅಲ್ಲಿ ತೂಗಬೇಕು.

ಮಖಮಲ್ಲು ಎಂಬುದು ಮಹಾ ಹಟಮಾರಿ ಬಟ್ಟೆ. ಅದರ ರೋಮವೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತದೆ. ಹಾಗೆ ಸವರಿದರೆ ನುಣುಪು, ಹೀಗೆ ಸವರಿದರೆ ಒರಟು. ಬೆಳಕಿಗೆ ಹಿಡಿದರೆ ಒಂದು ಕಡೆಯಿಂದ ಕಪ್ಪು ಬೆರೆತ ಕೆಂಪು, ತಲೆಕೆಳಗು ಮಾಡಿದರೆ ಪೇಲವ. ಹದಿನಾರು ಪಟ್ಟಿಯ ತಲೆಯೂ ಮೇಲೇ ಇರಬೇಕು. ಒಂದು ತಿರುಗಿದರೂ ಅದು ಪರದೆಯ ನಡುವೆ ಎದ್ದು ಕಾಣುತ್ತದೆ. ಅದಕ್ಕೇ ಮಾಸ್ಟರ್ ಪ್ರತಿ ಪಟ್ಟಿಯ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಒಂದು ಬಾಣ ಹಾಕುತ್ತಿದ್ದರು, ತಲೆ ಯಾವ ಕಡೆ ಎಂದು ತೋರಿಸಲು. ಹೊಲಿಯುವವರು ಬಾಣ ನೋಡಿ ಜೋಡಿಸುತ್ತಿದ್ದರು. ಮಾಸ್ಟರ್ ಹಾಕಿದ ಬಾಣವನ್ನು ಮತ್ತೆ ಸವರಿ ನೋಡುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಇನ್ನು ಅದನ್ನು ಹಾಸುವ ಕಷ್ಟ. ಮಖಮಲ್ಲಿನ ಮೇಲೆ ಮಖಮಲ್ಲು ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಎಳೆದು ಹಾಸಲಾಗದು, ರೋಲನ್ನೇ ಎತ್ತಿ ಹಿಡಿದು ಬಿಚ್ಚುತ್ತಾ ನಡೆಯಬೇಕು. ಆ ತುದಿಯಲ್ಲಿ ಕತ್ತರಿಸಿ, ರೋಲನ್ನು ಹೊತ್ತು ಮತ್ತೆ ಈ ತುದಿಗೆ ಬಂದು ಎರಡನೆಯ ಪದರ ಶುರು ಮಾಡಬೇಕು. ಆಗ ಮಾತ್ರ ಎಲ್ಲ ಪದರದ ತಲೆಯೂ ಒಂದೇ ಕಡೆ ಇರುತ್ತದೆ. ಮಂಗಳವಾರ ಮಾಸ್ಟರ್ ಒಂದು ಪದರ ಹಾಸಿ, ರೋಲನ್ನು ವಾಪಸು ಹೊರಲು ಹೋದರು. ಕಣ್ಣು ಕತ್ತಲೆ ಬಂತು. ಟೇಬಲ್ಲಿಗೆ ಒರಗಿ ಉಸಿರು ಎಳೆದುಕೊಂಡರು. ಎಲ್ಲರೂ ಊಟಕ್ಕೆ ಹೋಗಿದ್ದರೂ ಪಕ್ಕದ ಕೋಣೆಯಲ್ಲಿ ಇಸ್ತ್ರಿಯವನಿದ್ದ, ಕೂಗಿದ್ದರೆ ಓಡಿ ಬರುತ್ತಿದ್ದ.

ಕೂಗಲಿಲ್ಲ. ಬದಲಿಗೆ ಮೂವತ್ತೊಂದು ವರ್ಷದಲ್ಲಿ ಮಾಡದ ಒಂದು ಕೆಲಸ ಮಾಡಿದರು. ರೋಲನ್ನು ಎತ್ತಲೇ ಇಲ್ಲ, ಟೇಬಲ್ಲಿನ ಮೇಲೇ ಉರುಳಿಸಿದರು. ಹೋಗುತ್ತಾ ಒಂದು ಪದರ, ತುದಿಯಲ್ಲಿ ಮಡಚಿ ಬರುತ್ತಾ ಇನ್ನೊಂದು ಪದರ. ಹೀಗೆ ಎಂಟು. ಒಂದು ಬಿಟ್ಟು ಒಂದು ತಲೆಕೆಳಗಾಗಿರುತ್ತದೆ ಎಂದು ಅವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬಾಣ ಹಾಕುವಾಗ ಒಂದು ಬಿಟ್ಟು ಒಂದಕ್ಕೆ ತಿರುಗಿಸಿ ಹಾಕಿದರಾಯಿತು ಎಂದುಕೊಂಡರು. ಆದರೆ ಹೆಗಲು ಸುಡುತ್ತಿತ್ತು, ಊಟಕ್ಕೆ ಹೋದವರು ವಾಪಸು ಬರುವ ಸದ್ದು ಕೇಳುತ್ತಿತ್ತು. ಕೈ ತನಗೆ ಗೊತ್ತಿದ್ದ ಕೆಲಸ ತಾನು ಮಾಡಿಬಿಟ್ಟಿತು. ಯಾವಾಗಲೂ ಹಾಕುವ ಹಾಗೆ, ಎಂಟಕ್ಕೆ ಎಂಟನ್ನೂ ಒಂದೇ ತುದಿಯಲ್ಲಿ ಹಾಕಿತು. ಮಾಸ್ಟರ್ ಮಡಿಕೆಗಳನ್ನು ಕತ್ತರಿಸಿ ಪಟ್ಟಿಗಳನ್ನು ಕಾಜಕ್ಕನ ಬುಟ್ಟಿಗೆ ಹಾಕಿ ಕೂತರು.

ಕಾಜಕ್ಕ ಅಂದರೆ ಕಾಜಾ ಹಾಕುವವಳು. ಅಂಗಿಯ ಗುಂಡಿ ತೂರುವ ತೂತಿನ ಸುತ್ತ ಕೈಯಲ್ಲಿ ದಾರ ಹೆಣೆಯುವುದು ಅವಳ ಕೆಲಸ. ಪರದೆಯ ಕೆಲಸ ಬಂದಾಗ ಪಟ್ಟಿಗಳಿಗೆ ಗುಂಡುಪಿನ್ನು ಹಾಕಿ ಜೋಡಿಸಿ ಕೊಡುವವಳೂ ಅವಳೇ. ಅವಳು ಜೋಡಿಸಿದ್ದನ್ನು ಲಂಬು ಎಂಬ ಎತ್ತರದ ಹೊಲಿಗೆಯವನು ಮೆಷಿನ್ನಿನಲ್ಲಿ ಓಡಿಸುತ್ತಿದ್ದ. ಕಾಜಕ್ಕ ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ಮೂರನೆಯ ಮಹಡಿಯಿಂದ ನೀರಿನ ಕ್ಯಾನನ್ನು ಸೊಂಟದ ಮೇಲಿಟ್ಟುಕೊಂಡು ಇಳಿಯುತ್ತಿದ್ದವಳು.

ಬುಧವಾರದ ಕೂಟದಲ್ಲಿ ಸರದಿ ಬಂತು. ನನ್ನದೇನಿಲ್ಲ, ಎಲ್ಲ ದೇವರ ದಯೆ ಎಂದರು ಮಾಸ್ಟರ್. ಮನೆಗೆ ನಡೆದು ಬರುವಾಗ ಎರಡು ಬೀದಿ ದಾಟಿದರು. ಆಮೇಲೆ ಹೆಂಡತಿ ಶಾಂತವಾಗಿ, ನಿಮ್ಮ ಬಲಗೈಗೆ ಏನಾಗಿದೆ ಅಂತ ನನಗೆ ಮೂರು ತಿಂಗಳಿಂದ ಗೊತ್ತು ಎಂದರು. ಅಂಗಿಯ ಬಲಗಡೆಯ ಕಂಕುಳ ಹೊಲಿಗೆ ಎರಡು ಸಲ ಬಿಟ್ಟಿದ್ದನ್ನು ಹಾಕಿಕೊಟ್ಟವರು ಅವರೇ ತಾನೆ. ಮಾಸ್ಟರ್‌ಗೆ ಸಿಟ್ಟು ಬಂತು. ದೇವರ ಹತ್ತಿರ ಕೇಳಿದ್ದೇನೆ, ಅವನು ನೋಡಿಕೊಳ್ಳುತ್ತಾನೆ, ನಾಲ್ಕು ಜನರ ಮುಂದೆ ಕೈ ಚಾಚುವುದು ವಿಶ್ವಾಸ ಇಲ್ಲದವರ ಲಕ್ಷಣ ಎಂದು ಸ್ವಲ್ಪ ಜೋರಾಗಿಯೇ ಹೇಳಿದರು.

ಹೆಂಡತಿ ನಿಂತರು. ಮಕ್ಕಳಿಗೆ ಭಾನುವಾರದ ಪಾಠ ಹೇಳುವವರು ಅವರು; ಹೇಳಿದ್ದನ್ನೇ ಹೇಳಿ ಹೇಳಿ ಬಾಯಿಪಾಠವಾಗಿತ್ತು.

"ಕರ್ತ ಬಾವಿಕಟ್ಟೆ ಮೇಲೆ ಕೂತು ಗುರುತಿಲ್ಲದ ಹೆಂಗಸಿನ ಹತ್ರ ನೀರು ಕೇಳಿದ. ಮೀನುಗಾರನ ಹತ್ರ ದೋಣಿ ಕೇಳಿದ. ಸಾಯೋ ಹಿಂದಿನ ರಾತ್ರಿ, ನಂಗೆ ಭಾರ ಆಗ್ತಿದೆ, ನನ್ ಜೊತೆ ಎಚ್ಚರ ಇರಿ ಅಂತ ಸ್ನೇಹಿತರನ್ನ ಕೇಳಿದ. ಅವನಿಗೆ ವಿಶ್ವಾಸ ಇರ್ಲಿಲ್ವಾ? ಅವನೇ ಕೇಳಿದಾನೆ ರೀ. ನೀವು ಅವನಿಗಿಂತ ದೊಡ್ಡೋರಾ?"

ಮಾಸ್ಟರ್ ಮನೆ ತಲುಪುವವರೆಗೂ ಒಂದು ಹೆಜ್ಜೆ ಮುಂದೆಯೇ ನಡೆದರು.

ಗುರುವಾರ ಮಧ್ಯಾಹ್ನಕ್ಕೆ ಮೊದಲ ಎಂಟು ಪಟ್ಟಿ ಜೋಡಿಸಿ ಆಗಿತ್ತು. ಲಂಬು ಏಣಿ ಹತ್ತಿ ಅದನ್ನು ಗೋಡೆಯ ಉದ್ದಕ್ಕೂ ಇದ್ದ ಕಬ್ಬಿಣದ ಸರಳಿಗೆ ತೂಗುಹಾಕಿದ. ಯಜಮಾನಿ ನೋಡಲು ಬಂದರು. ಇಸ್ತ್ರಿಯವನು ದೀಪದ ಗುಂಡಿ ಒತ್ತಿದ. ಬೆಳಕು ಬಿತ್ತು. ಒಂದು ಪಟ್ಟಿ ಕಡುಗೆಂಪು, ಪಕ್ಕದ್ದು ಪೇಲವ, ಮತ್ತೆ ಕಡುಗೆಂಪು, ಮತ್ತೆ ಪೇಲವ. ಎಂಟೂ ಹಾಗೇ. ಸಭಾಂಗಣದ ಪರದೆ ಹೋಗಿ ಪಟ್ಟೆಪಟ್ಟೆಯ ಚಾಪೆಯಾಗಿ ಕೂತಿತ್ತು. ನೋಡಿದ ಕ್ಷಣಕ್ಕೇ ಮಾಸ್ಟರ್‌ಗೆ ತಮ್ಮ ಕೈ, ಸೀಮೆಸುಣ್ಣ, ಆ ಒಂದೇ ತುದಿ, ಎಲ್ಲ ಗೊತ್ತಾಗಿಬಿಟ್ಟಿತು.

ಯಜಮಾನಿ ಕೂಗಾಡುವವರಲ್ಲ. ಪಿನ್ನು ಹಾಕಿದವರು ಯಾರು ಎಂದಷ್ಟೇ ಕೇಳಿದರು.

"ನಾನೇ," ಎಂದಳು ಕಾಜಕ್ಕ.

ಬಾಣ ನೋಡಿ ಹಾಕಲಿಲ್ಲವೇ ಎಂದರು ಯಜಮಾನಿ. ಈಗ ಕಾಜಕ್ಕ ಉರಿದು ಬೀಳುತ್ತಾಳೆ, ಬಾಣ ಇದ್ದ ಹಾಗೇ ಹಾಕಿದ್ದೇನೆ, ಬಿಚ್ಚಿ ನೋಡಿ ಎನ್ನುತ್ತಾಳೆ ಎಂದು ಮಾಸ್ಟರ್ ಕಾದರು. ಒಂದು ಮಾತಿಗೆ ಹತ್ತು ಮಾತು ಹಿಂತಿರುಗಿಸುವ ಹೆಂಗಸು, ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ತಲೆ ತಗ್ಗಿಸಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಅವಳೇ ಒಪ್ಪಿಕೊಂಡ ಮೇಲೆ ಮುಗಿಯಿತಲ್ಲ ಎಂಬ ಯೋಚನೆ ಮಾಸ್ಟರ್ ತಲೆಯಲ್ಲಿ ಬಂದುಹೋಯಿತು. ಬರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಬಂತು, ಒಂದು ಗಳಿಗೆ ಅಲ್ಲೇ ಕೂತಿತ್ತು ಕೂಡ. ಮಾಸ್ಟರ್ ಕಣ್ಣು ಮುಚ್ಚಿ, ಕರ್ತನೇ, ಸಹಾಯ ಮಾಡು ಎಂದು ಬೇಡಿಕೊಂಡರು. ಕಣ್ಣು ತೆರೆದಾಗ ಎದುರಿಗೆ ಹದಿನೇಳು ಜನ ನಿಂತಿದ್ದರು. ಇವರನ್ನು ಬಿಟ್ಟು ಇನ್ಯಾರನ್ನು ಕಳಿಸಲಿ ಎಂದು ಯಾರೋ ಕೇಳಿದ ಹಾಗಾಯಿತು ಅವರಿಗೆ.

"ಯಜಮಾನಿ, ಅವಳನ್ನ ಏನೂ ಅನ್ಬೇಡಿ," ಎಂದರು. "ಬಾಣ ಹಾಕಿದ್ದು ನಾನು. ತಪ್ಪು ಹಾಕಿದೀನಿ. ನಾಲ್ಕು ತಿಂಗಳಿಂದ ಈ ಕೈ ಮೇಲೆ ಏಳ್ತಿಲ್ಲ. ರೋಲು ಎತ್ತಕ್ಕಾಗದೆ ಉರುಳಿಸಿ ಹಾಸಿದೆ." ಎಡಗೈಯಿಂದ ಟೇಬಲ್ಲಿನ ಮೇಲಿದ್ದ ರೋಲು ತೋರಿಸಿದರು. "ಇನ್ನೂ ಎಂಟು ಪಟ್ಟಿ ಕತ್ತರಿಸೋದಿದೆ. ನನ್ನೊಬ್ಬನ ಕೈಲಿ ಆಗಲ್ಲ. ನಂಗೆ ಸಹಾಯ ಬೇಕು."

ಹೇಳಿದ್ದು ಇಷ್ಟೇ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಪಾಪ, ಮಾಸ್ಟರ್‌ಗೆ ಸಹಾಯ ಮಾಡುವುದು ಹೇಗೆಂದು ಯಾರಿಗೆ ಗೊತ್ತು, ಅಭ್ಯಾಸವಿದ್ದರೆ ತಾನೆ? ಇಸ್ತ್ರಿಯವನು ಏನೂ ತೋಚದೆ ಓಡಿಹೋಗಿ ಒಂದು ಕುರ್ಚಿ ತಂದಿಟ್ಟ. ಕೂತುಕೊಳ್ಳಲು ಹೇಳುವ ಧೈರ್ಯ ಬಾರದೆ ಕುರ್ಚಿಯ ಹಿಂದೆ ತಾನೇ ನಿಂತ. ಕೊನೆಗೆ ಲಂಬು, ಯಾವ ಪಟ್ಟಿ ಮೊದಲು ಬಿಚ್ಚಲಿ ಮಾಸ್ಟರ್ ಎಂದು ಏಣಿಯ ಮೇಲಿನಿಂದಲೇ ಕೇಳಿದ. ಅಲ್ಲಿಗೆ ಕೋಣೆಗೆ ಮತ್ತೆ ಉಸಿರು ಬಂತು. ಮೊದಲು ಪರದೆ ಹೋಗಲಿ, ನಿಮ್ಮ ವಿಷಯ ಆಮೇಲೆ ಮಾತಾಡೋಣ ಎಂದು ಹೇಳಿ ಯಜಮಾನಿ ತಮ್ಮ ಕೋಣೆಗೆ ಹೋದರು. ಆ 'ಆಮೇಲೆ' ಎಂಬ ಮಾತು ಮಾಸ್ಟರ್‌ಗೆ ತಾಕದೆ ಇರಲಿಲ್ಲ.

ಆದರೆ ಆಶ್ಚರ್ಯ ನೋಡಿ, ಅವರಿಗೆ ಭಯವಾಗಲಿಲ್ಲ. ಗುಟ್ಟು ಹೊರಬಿದ್ದ ಮೇಲೆ ಕಾಯುವ ಕೆಲಸವೇ ಇಲ್ಲವಲ್ಲ. ಆ ಮಧ್ಯಾಹ್ನವೇ ಹೊಲಿಗೆ ಬಿಚ್ಚಲು ಆರು ಜನ ಕೂತರು. ಬಿಚ್ಚಿದ ಪಟ್ಟಿಗಳನ್ನು ಮಾಸ್ಟರ್ ತಾವೇ ಅಂಗೈಯಿಂದ ಸವರಿ ನೋಡಿ, ತಪ್ಪು ಬಾಣ ಒರೆಸಿ, ಸರಿಯಾದ್ದು ಹಾಕಿದರು. ಹಳೆಯ ಸೂಜಿ ತೂತು ಕಾಣದ ಹಾಗೆ ಹೊಸ ಹೊಲಿಗೆ ಅರ್ಧ ಬೆರಳು ಒಳಗೆ ಬರಲಿ ಎಂದು ಲಂಬುವಿಗೆ ಹೇಳಿದರು. ಶುಕ್ರವಾರ ಬೆಳಿಗ್ಗೆ ಉಳಿದ ಎಂಟು ಪಟ್ಟಿಯ ಸರದಿ. ಮಾಸ್ಟರ್ ಕಾಜಕ್ಕನ ಹತ್ತಿರ ಹೋಗಿ, ಸ್ವಲ್ಪ ರೋಲು ಹಿಡಿಯುತ್ತೀಯೇನಮ್ಮ ಎಂದು ಕೇಳಿದರು.

"ಹಿಡೀತೀನಿ. ಆದ್ರೆ 'ಸ್ವಲ್ಪ' ಅನ್ನೋ ಮಾತು ನಿಮ್ ಬಾಯಲ್ಲಿ ಹೊಸದಾಗಿ ಕೇಳ್ತಿದೀನಿ ಮಾಸ್ಟರ್, ಅರಗಿಸ್ಕೊಳಕ್ಕೆ ಟೈಮು ಕೊಡಿ," ಎಂದಳು.

ರೋಲನ್ನು ಎತ್ತಿ ಹೆಗಲಿಗೇರಿಸಿದಳು. ಅವಳು ಬಿಚ್ಚುತ್ತಾ ನಡೆದಳು, ಮಾಸ್ಟರ್ ಎಡಗೈಯಲ್ಲಿ ಅಂಚು ಸರಿಮಾಡುತ್ತಾ ಹಿಂದೆ ನಡೆದರು. ತುದಿಯಲ್ಲಿ ಕತ್ತರಿ ಹಾಕಿ, ರೋಲು ವಾಪಸು ಬಂದು, ಎರಡನೆಯದು. ಮೂರನೆಯ ಪದರಕ್ಕೆ ಮಾತೇ ಬೇಕಾಗಲಿಲ್ಲ. ಒಬ್ಬರೇ ಇದ್ದಾಗ ಇಡೀ ದಿನ ಹಿಡಿಯುತ್ತಿದ್ದ ಕೆಲಸ ಊಟದ ಹೊತ್ತಿಗೆ ಮುಗಿಯಿತು. ಎರಡು ವರ್ಷ ಯಾವ ಸುಖಕ್ಕೆ ಒಬ್ಬನೇ ಹೊತ್ತೆ ಎಂದು ಮಾಸ್ಟರ್‌ಗೆ ತಮ್ಮ ಮೇಲೆ ತಮಗೇ ನಗು ಬಂತು.

ನಾಲ್ಕು ಗಂಟೆಗೆ ಹದಿನಾರು ಪಟ್ಟಿಯ ಪರದೆ ಸರಳಿನ ಮೇಲೆ ತೂಗಿತು. ದೀಪ ಹಾಕಿದರು. ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಬಣ್ಣ. ಲಂಬು ಶಿಳ್ಳೆ ಹೊಡೆದ. ಎಲ್ಲರೂ ಚೀಲ ಎತ್ತಿಕೊಂಡು ಹೊರಟರು, ಪರದೆ ಮಡಚಲು ಮಾಸ್ಟರ್ ಮತ್ತು ಕಾಜಕ್ಕ ಉಳಿದರು. ಮಾಸ್ಟರ್ ಅವಳಿಗೆ ಕೃತಜ್ಞತೆ ಹೇಳಬೇಕೆಂದು ಮಾತು ಹುಡುಕುತ್ತಿದ್ದರು. ಅಷ್ಟರಲ್ಲಿ ಅವಳೇ ಶುರು ಮಾಡಿದಳು, ಮುಖ ನೋಡದೆ, ಬಟ್ಟೆಯ ಮಡಿಕೆ ನೀವುತ್ತಾ.

"ನಿನ್ನೆ ನೀವು ಬಾಯಿ ಬಿಡದೆ ಇದ್ದಿದ್ರೆ ನಾನು ಕೆಲಸ ಬಿಟ್ಟು ಹೋಗ್ತಿದ್ದೆ ಮಾಸ್ಟರ್. ಆ ಪಟ್ಟೆ ನೋಡಿ, ನನ್ ಕಣ್ಣಿಂದಾನೇ ಹೀಗಾಯ್ತು ಅನ್ಕೊಂಡೆ. ವರ್ಷ ಆಯ್ತು, ಹತ್ತಿರದ್ದು ಕಾಣಲ್ಲ. ಕನ್ನಡಕ ಹಾಕಿದ್ರೂ ಅಷ್ಟೆ. ಡಾಕ್ಟ್ರು ಸೂಜಿ ಕೆಲಸ ಬಿಡು ಅಂದಿದಾರೆ. ಮನೇಲಿ ಮಗಳ ಕೈಲಿ ದಿನಾ ಇಪ್ಪತ್ತು ಸೂಜಿಗೆ ದಾರ ಪೋಣಿಸ್ಕೊಂಡು ಬರ್ತೀನಿ. ಬಾಣಾನೂ ತಪ್ಪು ಓದಿರ್ತೀನಿ ಅಂತ ಬಾಯಿ ಮುಚ್ಚಿಕೊಂಡೆ."

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಮಾಸ್ಟರ್ ಕೇಳಿದರು.

"ಯಾರಿಗೆ ಹೇಳ್ಲಿ? ಈ ಕೋಣೇಲಿ ಯಾರಾದ್ರೂ ಏನಾದ್ರೂ ಕೇಳಿದ್ದು ನೋಡಿದೀರಾ? ನೀವು ಕೇಳಲ್ಲ. ನೀವೇ ಕೇಳದೆ ಇರೋವಾಗ ನಾವು ಹೆಂಗೆ ಕೇಳೋದು?"

ಮಾಸ್ಟರ್ ಮಡಿಕೆಯ ತುದಿ ಹಿಡಿದುಕೊಂಡು ಹಾಗೇ ನಿಂತರು. ತಾನು ಕೇಳದಿದ್ದರೆ ನೋಯುವುದು ತನ್ನ ಹೆಗಲೊಂದೇ ಎಂದುಕೊಂಡಿದ್ದ ಮನುಷ್ಯ. ಹದಿನೈದು ಕುರ್ಚಿಯವರ ಕಷ್ಟಕ್ಕೆಲ್ಲ ಬೇಡಿಕೊಂಡಿದ್ದರು, ಹತ್ತು ಹೆಜ್ಜೆ ಆಚೆ ಕೂತವಳ ಕಣ್ಣು ಅವರಿಗೆ ಕಂಡಿರಲಿಲ್ಲ. ದುಃಖವೂ ಆಯಿತು, ನಾಚಿಕೆಯೂ ಆಯಿತು. ಹಾಗೆಂದು ಕೂತು ಅಳುವ ಜಾತಿಯಲ್ಲ ಅವರದು. ಟೇಬಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಇದು ಕಾಣುತ್ತದೆಯೇ ಎಂದರು. ಇಷ್ಟು ದಪ್ಪ ಗೆರೆ ಬೀದಿಯಿಂದಲೂ ಕಾಣುತ್ತದೆ ಎಂದಳು ಕಾಜಕ್ಕ. ಹಾಗಾದರೆ ಕತ್ತರಿ ಹಿಡಿಯಲು ಬರುತ್ತದೆ, ಉಳಿದದ್ದು ನಾನು ಕಲಿಸುತ್ತೇನೆ, ನಡಿ ಎಂದರು ಮಾಸ್ಟರ್.

ಎಲ್ಲಿಗೆ ಎಂದು ಕೇಳಿದಳು ಅವಳು. ಯಜಮಾನಿ ಹತ್ತಿರ ಎಂದರು. ಒಪ್ಪದಿದ್ದರೆ ಎಂದಳು. ಕೇಳದೆ ಹೇಗೆ ಗೊತ್ತಾಗುತ್ತದೆ ಎಂದು ಮಾಸ್ಟರ್ ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಯಜಮಾನಿ ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡರು. ಹೆಗಲಿನದು ಮಾಸ್ಟರ್ ಹೇಳಿದರು, ಕಣ್ಣಿನದು ಕಾಜಕ್ಕನೇ ಹೇಳಿದಳು. ಯಜಮಾನಿ ಪೆನ್ನು ತಿರುಗಿಸುತ್ತಾ, ಒಂದು ಟೇಬಲ್ಲಿಗೆ ಇಬ್ಬರನ್ನ ಹೇಗೆ ಇಟ್ಟುಕೊಳ್ಳಲಿ, ಒಬ್ಬರ ಕೆಲಸ ತಾನೆ ಅದು ಎಂದರು.

"ಅಲ್ಲ ಯಜಮಾನಿ," ಎಂದರು ಮಾಸ್ಟರ್. "ಅದು ಯಾವತ್ತೂ ಇಬ್ಬರ ಕೆಲಸಾನೇ. ಒಬ್ಬನ ಕೆಲಸ ಅಂತ ನಿಮ್ಮನ್ನ ನಂಬಿಸಿದ್ದು ನಾನು."

ಯಜಮಾನಿ ಪೆನ್ನಿಗೆ ಮುಚ್ಚಳ ಹಾಕಿದರು. ಸೋಮವಾರ ಡಾಕ್ಟರಿಗೆ ಹೆಗಲು ತೋರಿಸಿಕೊಂಡು ಬನ್ನಿ, ನೀವು ಬರುವವರೆಗೆ ಇವಳು ನಿಮ್ಮ ಟೇಬಲ್ಲಿನಲ್ಲೇ ಹಳೆಯ ಬಟ್ಟೆಯ ಮೇಲೆ ಕತ್ತರಿ ಓಡಿಸುತ್ತಿರಲಿ ಎಂದರು.